ಹಸಿ ಎಂಬ ಒಂದು ತೂತು

ಕಡಲೇಕಾಯಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ, ಸದ್ದಿಲ್ಲದಿದ್ದರೆ ಹಸಿ. ನಮ್ಮ ಮಧುಗಿರಿ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಡೆಯುವುದು ಬಂದಂತೆ ಬರುತ್ತದೆ. ಇದು ಗೊತ್ತಿಲ್ಲದ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೇನೆ. ಅವರನ್ನೇ ನಮ್ಮ ಎಣ್ಣೆ ಮಿಲ್ಲಿನ ಯಜಮಾನರು ಬೆಂಗಳೂರಿನಿಂದ ಕರೆಸಿ, ಕಡಲೇಕಾಯಿ ವ್ಯಾಪಾರವನ್ನು ಹೇಗೆ ನಡೆಸಬೇಕೆಂದು ನಮಗೆಲ್ಲ ಪಾಠ ಹೇಳಲು ಕುರ್ಚಿ ಹಾಕಿ ಕೂರಿಸಿದರು.

ಅರವತ್ತರ ದಶಕದ ನಡುವಿನ ಮಾತು. ಮಿಲ್ಲು ಮಧುಗಿರಿಯಲ್ಲಿತ್ತು, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಖರೀದಿ ಉಗ್ರಾಣ. ಸುಗ್ಗಿಯಲ್ಲಿ ಕಾಯಿ ಕೊಳ್ಳುವುದು, ಒಳ್ಳೆಯದರಲ್ಲಿ ಒಂದಿಷ್ಟನ್ನು ಬಿತ್ತನೆಗೆಂದು ಎತ್ತಿಡುವುದು, ಮಿಕ್ಕದ್ದನ್ನು ಗಾಣಕ್ಕೆ ಹಾಕುವುದು. ಮುಂಗಾರಿಗೆ ಮುಂಚೆ ಆ ಬಿತ್ತನೆ ಬೀಜವನ್ನು ರೈತರಿಗೆ ಕೊಟ್ಟು, ಬೆಳೆದ ಮೇಲೆ ಅವರ ಕಾಯಿಯನ್ನೇ ಕೊಳ್ಳುವುದು. ಯಾವ ಊರಿನ ಮಾಲು ಯಾವ ಮೂಲೆಯಲ್ಲಿದೆ ಎಂಬುದು ಆಯಾ ಉಗ್ರಾಣದವರ ತಲೆಯಲ್ಲಿರುತ್ತಿತ್ತು. ತಪ್ಪು ಆಗುತ್ತಿರಲಿಲ್ಲ ಎಂದಲ್ಲ. ಆಗುತ್ತಿತ್ತು, ಬೈಗುಳ ಆಗುತ್ತಿತ್ತು, ಸರಿಹೋಗುತ್ತಿತ್ತು.

ಹೀಗಿರುವಾಗ ಯಜಮಾನರು ಯಾರದೋ ಮದುವೆಗೆಂದು ಮುಂಬಯಿಗೆ ಹೋದರು. ಅಲ್ಲಿ ಒಂದು ಬಟ್ಟೆ ಗಿರಣಿಯಲ್ಲಿ ಕಾರ್ಡುಗಳ ವ್ಯವಸ್ಥೆ ನೋಡಿದರಂತೆ. ವಾಪಸು ಬಂದವರಿಗೆ ಅಪ್ಪನ ಕಾಲದಿಂದ ನಡೆದುಬಂದ ಮಿಲ್ಲು ಗುಡಿಸಲಿನಂತೆ ಕಾಣತೊಡಗಿತು. ತಿಂಗಳೊಳಗೆ ಸಲಹೆಗಾರರು ಬಂದರು. ನಮ್ಮೂರಿನ ಬಿಸಿಲಿನಲ್ಲೂ ಕೋಟು, ಟೈ. ಮಾತಿಗೊಂದು ಸಲ 'ಸಿಸ್ಟಮ್' ಎನ್ನುತ್ತಿದ್ದರು. ಹಮಾಲಿಗಳು ಅವರಿಗೆ ಸಿಸ್ಟಮ್ ಸಾಹೇಬರು ಎಂದೇ ಹೆಸರಿಟ್ಟರು. ಅವರು ಅದನ್ನು ಗೌರವ ಎಂದುಕೊಂಡರು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಆ ಕಾರ್ಡುಗಳಿಗಾಗಿ. ನನಗೆ ಟೈಪಿಂಗ್ ಬರುತ್ತಿತ್ತು, ಇಂಗ್ಲಿಷ್ ಓದಲು ಬರುತ್ತಿತ್ತು. 'ಹೆಂಗಸರ ಬೆರಳು ಇಂಥ ಕೆಲಸಕ್ಕೆ ಲಾಯಕ್ಕು' ಎಂದು ಸಲಹೆಗಾರರು ಯಜಮಾನರಿಗೆ ಹೇಳಿದ್ದರಂತೆ. ಹೊಟ್ಟು ತುಂಬುತ್ತಿದ್ದ ಕೋಣೆಗೆ ಸುಣ್ಣ ಬಳಿಸಿ, ಫ್ಯಾನು ಹಾಕಿಸಿ, ಬಾಗಿಲಿಗೆ ಪರದೆ ಬಿಟ್ಟರು. ಗಾಣದ ಮನೆಯಲ್ಲಿ ಆಳುಗಳು ಎಣ್ಣೆಯ ಕಾವಿನಲ್ಲಿ ಬೇಯುತ್ತಿದ್ದರು. ಇಡೀ ಮಿಲ್ಲಿಗೆ ಇದ್ದ ಒಂದೇ ಫ್ಯಾನು ತಿರುಗುತ್ತಿದ್ದದ್ದು ಕಾರ್ಡುಗಳಿಗೆ. ಬೆವರು ತಾಗಿದರೆ ಅವು ಕೆಡುತ್ತವಂತೆ.

ಕಾರ್ಡು ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ದಪ್ಪ ಹಾಳೆ. ನಾಲ್ಕು ಅಂಚಿಗೂ ಸಾಲಾಗಿ ತೂತುಗಳು. ಒಂದೊಂದು ತೂತಿಗೆ ಒಂದೊಂದು ಅರ್ಥ: ಇದು ಶಿರಾ, ಇದು ಕೊರಟಗೆರೆ, ಇದು ಪಾವಗಡ, ಇದು ಬಿತ್ತನೆಗೆ, ಇದು ಗಾಣಕ್ಕೆ, ಇದು ಹಸಿ. ಉಗ್ರಾಣಕ್ಕೆ ಮಾಲು ಬಂದಾಗಲೆಲ್ಲ ಅಲ್ಲಿನವರು ಒಂದು ಚೀಟಿ ತುಂಬಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಬೇಕು. ನಾನು ಚೀಟಿ ನೋಡಿ ಒಂದು ಕಾರ್ಡು ತೆಗೆದು, ಬೇಕಾದ ತೂತುಗಳನ್ನು ಇಕ್ಕಳದಿಂದ ಅಂಚಿನವರೆಗೆ ಕತ್ತರಿಸಿ ಬಾಯಿ ತೆರೆಯಬೇಕು. ಆಮೇಲೆ ಕಾರ್ಡುಗಳನ್ನೆಲ್ಲ ಒತ್ತಾಗಿ ಜೋಡಿಸಿ, 'ಹಸಿ' ತೂತಿನೊಳಗೆ ಉದ್ದನೆಯ ಉಕ್ಕಿನ ಸೂಜಿ ತೂರಿಸಿ ಎತ್ತಿ ಅಲ್ಲಾಡಿಸಿದರೆ, ಬಾಯಿ ತೆರೆದ ಕಾರ್ಡುಗಳು ಸೂಜಿಯಲ್ಲಿ ನಿಲ್ಲದೆ ಮೇಜಿಗೆ ಉದುರುತ್ತವೆ. ಉದುರಿದ್ದೆಲ್ಲ ಹಸಿ ಮಾಲು. ಅಂಥ ಮಾಲನ್ನು ಮತ್ತೆ ಕಣದಲ್ಲಿ ಹರಡಿ ಒಣಗಿಸಿ ಎಂದು ಆಯಾ ಉಗ್ರಾಣಕ್ಕೆ ಆರ್ಡರ್ ಟೈಪ್ ಮಾಡಿ ಕಳಿಸಬೇಕು. ಆರ್ಡರ್ ಇಲ್ಲದೆ ಉಗ್ರಾಣದವರು ಒಂದು ಮೂಟೆಯನ್ನೂ ಅಲುಗಿಸಕೂಡದು.

ಸುಳ್ಳು ಹೇಳುವುದಿಲ್ಲ, ಉಪಾಯ ಚೆನ್ನಾಗಿಯೇ ಇತ್ತು. ಸೂಜಿ ಎತ್ತಿದಾಗ ಕಾರ್ಡುಗಳು ಪಟಪಟನೆ ಉದುರುವುದನ್ನು ನೋಡುವುದೇ ಒಂದು ಖುಷಿ. ನನ್ನ ತಿರಸ್ಕಾರ ಕಾರ್ಡಿನ ಮೇಲಲ್ಲ. ಅದನ್ನು ಪೂಜೆಗಿಟ್ಟವರ ಮೇಲೆ.

ಆ ವರ್ಷ ಕಾಯಿ ಕಿತ್ತು ಹಾಕಿದ ಹೊತ್ತಿನಲ್ಲೇ ಹಿಂಗಾರು ಮಳೆ ಹಿಡಿಯಿತು. ಪಾವಗಡದ ಕಡೆ, ಅಪರೂಪಕ್ಕೆ, ಎಲ್ಲರಿಗಿಂತ ಹೆಚ್ಚು ಸುರಿಯಿತು. ನಾನು 'ಹಸಿ' ಸೂಜಿ ಹಾಕಿ ಎತ್ತಿದೆ. ಶಿರಾದ ಕಾರ್ಡುಗಳು ಉದುರಿದವು, ಕೊರಟಗೆರೆಯವು ಉದುರಿದವು. ಪಾವಗಡದ್ದು ಒಂದೂ ಉದುರಲಿಲ್ಲ. ಸೂಜಿ ಸಿಕ್ಕಿಕೊಂಡಿದೆಯೇನೋ ಎಂದು ಇನ್ನೊಮ್ಮೆ ಅಲ್ಲಾಡಿಸಿದೆ. ಇಲ್ಲ. ಕಾರ್ಡಿನ ಪ್ರಕಾರ ಪಾವಗಡದ ಕಾಯಿ ಮಳೆಯಲ್ಲಿ ನೆನೆದೇ ಇರಲಿಲ್ಲ.

ಚೀಟಿಗಳನ್ನು ತೆಗೆದು ನೋಡಿದೆ. ತೇವ ಬರೆಯಲೆಂದು ಚೀಟಿಯಲ್ಲಿದ್ದ ಚೌಕದ ಮನೆಯನ್ನು ಪಾವಗಡದವರು ತುಂಬಿರಲೇ ಇಲ್ಲ. ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ನಾನು ಕತ್ತರಿಸುವಂತಿಲ್ಲ. ಕತ್ತರಿಸದಿದ್ದರೆ ಸೂಜಿಗೆ ಅದು ಒಣಗಿದ ಮಾಲು. ಗೊತ್ತಿಲ್ಲ ಎನ್ನುವುದಕ್ಕೆ ಆ ಕಾರ್ಡಿನಲ್ಲಿ ಜಾಗವೇ ಇರಲಿಲ್ಲ.

ಸಲಹೆಗಾರರಿಗೆ ಹೇಳಿದೆ. ಅವರು ಚೀಟಿಯನ್ನು ನೋಡಲೂ ಇಲ್ಲ.

"ನೋಡಿ ಮಿಸ್, ಹಸಿ ಇದ್ದಿದ್ದರೆ ಅವರು ಬರೆಯುತ್ತಿದ್ದರು. ಬರೆದಿಲ್ಲ ಅಂದರೆ ಇಲ್ಲ ಅಂತಲೇ ಅರ್ಥ. ಇದನ್ನೇ ಸಿಸ್ಟಮ್ ಅನ್ನೋದು."

"ಅಲ್ಲಿ ಮಳೆ ಬಂದಿದೆ ಸಾರ್."

"ಮಳೆ ಸಿಸ್ಟಮ್ಮಿನೊಳಗೆ ಬರುವುದಿಲ್ಲ" ಎಂದರು, ಬಹಳ ಗಂಭೀರವಾಗಿ.

ಭಾನುವಾರ ನಾನೇ ಬಸ್ಸು ಹತ್ತಿ ಪಾವಗಡಕ್ಕೆ ಹೋದೆ. ಉಗ್ರಾಣದ ಗುಮಾಸ್ತರು ವಯಸ್ಸಾದವರು. ಅರ್ಧ ಕನ್ನಡ, ಅರ್ಧ ತೆಲುಗು. ಕೂರಿಸಿ ಮಜ್ಜಿಗೆ ಕೊಟ್ಟರು. ಚೀಟಿ ತೋರಿಸಿ, ಈ ಮನೆ ಯಾಕೆ ಖಾಲಿ ಎಂದು ಕೇಳಿದೆ. ಅದರ ಮೇಲೆ ಇಂಗ್ಲಿಷಿನಲ್ಲಿ 'ಎಂ.ಸಿ.' ಎಂದು ಎರಡೇ ಅಕ್ಷರ ಅಚ್ಚಾಗಿತ್ತು. ತೇವಾಂಶಕ್ಕೆ ಸಲಹೆಗಾರರು ಮಾಡಿದ್ದ ಸಂಕ್ಷೇಪ ಅದು.

"ಇದೇನು ಅಂತ ಎವರೂ ಚೆಪ್ಪಲೇದಮ್ಮಾ, ಯಾರೂ ಹೇಳ್ಲಿಲ್ಲ. ಎಂ.ಸಿ. ಅಂದ್ರೆ ಮುನಿಸಿಪಾಲಿಟಿ ಅನ್ಕೊಂಡ್ವಿ. ಮುನಿಸಿಪಾಲಿಟೀತೋ ಮನಕೇಂ ಪನಿ, ನಮಗ್ಯಾಕೆ ಅದರ ಉಸಾಬರಿ ಅಂತ ಬಿಟ್ಬಿಟ್ವಿ."

ನನಗೆ ನಗು ಬಂತು, ಆಮೇಲೆ ನಗು ನಿಂತಿತು. "ಮಾಲು ಹೆಂಗಿದೆ?" ಎಂದೆ.

"ಹೆಂಗಿರ್ತದಮ್ಮಾ? ಪಚ್ಚಿ. ಒಂದಿನಾನಾದ್ರೂ ಒಣಗಿಸ್ಬೇಕು ಅಂತ ನಾವಿದ್ದೀವಿ. ಆರ್ಡರ್ ಇಲ್ಲದೆ ಮೂಟೆ ಬಿಚ್ಚಬೇಡಿ ಅಂತ ನಿಮ್ಮ ದೊರೆಗಳು ಬರೆದವ್ರೆ."

ಪಚ್ಚಿ ಎಂದರೆ ಅವರ ಮಾತಿನಲ್ಲಿ ಹಸಿ. ಒಂದು ಮೂಟೆಯೊಳಗೆ ಕೈ ತೂರಿಸಿದೆ. ಒಳಗೆ ಸಗಣಿ ಗೊಬ್ಬರದಂತೆ ಬೆಚ್ಚಗಿತ್ತು.

ಸೋಮವಾರ ಯಜಮಾನರ ಬಳಿಗೇ ಹೋಗಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಕಾಯಿಗಳನ್ನು ಮೇಜಿನ ಮೇಲಿಟ್ಟೆ. ಅವರು ಒಂದನ್ನು ಎತ್ತಿಕೊಂಡರು. ಕೈ ತಾನೇ ತಾನಾಗಿ ಕಿವಿಯ ಹತ್ತಿರ ಹೋಯಿತು. ಅಪ್ಪನ ಕಾಲದ ಅಭ್ಯಾಸ ಎಲ್ಲಿ ಹೋಗುತ್ತದೆ. ಅಲ್ಲಾಡಿಸಿದರು. ಸದ್ದಿಲ್ಲ. ಅವರ ಮುಖ ನೋಡುತ್ತಲೇ ಇದ್ದೆ. ಅವರಿಗೆ ತಿಳಿಯಿತು. ತಿಳಿದದ್ದು ನನಗೂ ತಿಳಿಯಿತು. ಆಮೇಲೆ ಆ ಮನುಷ್ಯ ಕಾಯಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೇಳಿದ್ದು ಇಷ್ಟು:

"ಅವರು ಓದಿಕೊಂಡವರು ಕಣಮ್ಮ. ಅವರು ಮಾಡಿರೋ ವ್ಯವಸ್ಥೆ. ನೀನು ಮಧ್ಯೆ ಬಾಯಿ ಹಾಕಬೇಡ."

ಸಲಹೆಗಾರರು ಅಜ್ಞಾನಿ, ಸರಿ. ಅಜ್ಞಾನವನ್ನು ಕ್ಷಮಿಸಬಹುದು. ಗೊತ್ತಿದ್ದೂ ಕಾಯಿ ಕೆಳಗಿಟ್ಟ ಆ ಕೈಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಯಜಮಾನರು ಯಾಕೆ ಹಾಗೆ ಮಾಡಿದರೆಂದು ಬೇಗ ಗೊತ್ತಾಯಿತು. ಕಾರ್ಡು ಕೋಣೆಯ ಸುದ್ದಿಯನ್ನು ಅವರು ಆಗಲೇ ಊರೂರಿಗೆ ಹೇಳಿಕೊಂಡು ಬಂದಿದ್ದರು. ಬೇರೆ ಮಿಲ್ಲಿನ ಮಾಲೀಕರು, ಅಧಿಕಾರಿಗಳು, ಅವರ ಹೆಂಡತಿಯರು ನೋಡಲು ಬರತೊಡಗಿದರು. ಹಾರ, ಕಾಫಿ, ಬಾದಾಮಿ ಬರ್ಫಿ. ಆಮೇಲೆ ನನ್ನ ಸೂಜಿ. "ಶಿರಾದ ಹಸಿ ಮಾಲು ಎಲ್ಲಿದೆ, ತೋರಿಸಮ್ಮ" ಎನ್ನುವರು, ನಾನು ಎತ್ತಿ ಅಲ್ಲಾಡಿಸುವೆ, ಕಾರ್ಡು ಉದುರುವವು, ಎಲ್ಲರೂ ಚಪ್ಪಾಳೆ ತಟ್ಟುವರು. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವಳಿಗಾದರೂ ಬೀಳುವ ಭಯ ಇರುತ್ತದೆ. ನನ್ನದು ಅದೂ ಇಲ್ಲದ ಆಟ. ಉದುರಿದ ಕಾರ್ಡಿನ ಮಾಲನ್ನು ಕಣ್ಣಾರೆ ನೋಡಬೇಕೆಂದು ಬಂದವರಲ್ಲಿ ಒಬ್ಬರೂ ಕೇಳಲಿಲ್ಲ.

ಪಾವಗಡದ ಮಾಲು ಹಾಗೆಯೇ ಕಟ್ಟಿಟ್ಟ ಮೂಟೆಯಲ್ಲಿ ಚಳಿಗಾಲ ಕಳೆಯಿತು. ಬೇಸಿಗೆಯ ಹೊತ್ತಿಗೆ ತಾನಾಗಿ ಒಣಗಿತು. ಈಗ ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು, ಒಳಗಿನ ಬೀಜದ ಜೀವ ಹೋಗಿತ್ತು ಅಷ್ಟೆ. ಮುಂಗಾರು ಹತ್ತಿರ ಬಂದಾಗ ಸಲಹೆಗಾರರು ಬಿತ್ತನೆ ಬೀಜದ ಆಯ್ಕೆಗೆ ಕೂತರು. ಮೊದಲು 'ಬಿತ್ತನೆ' ಸೂಜಿ. ಉದುರಿದ್ದರಲ್ಲಿ 'ಹಸಿ' ಸೂಜಿ. ಅದರಲ್ಲಿ ಉದುರದೆ ನಿಂತದ್ದು ಅತ್ಯುತ್ತಮ ಬೀಜ. ಹಸಿ ಎಂದು ಒಮ್ಮೆಯೂ ಬರೆಸಿಕೊಳ್ಳದ ಪಾವಗಡದ ಮಾಲೇ ಮೇಲೆ ಬಂತು. ಒಣಗಿಸಿ ಸರಿಮಾಡಿದ ಕೊರಟಗೆರೆಯ ಒಳ್ಳೆಯ ಬೀಜ, ತೋವಿನಕೆರೆ ಕಡೆಯದು, ಹಿಂದೊಮ್ಮೆ 'ಹಸಿ' ಎನಿಸಿಕೊಂಡ ಪಾಪಕ್ಕೆ ಗಾಣದ ಪಾಲಿಗೆ ಹೋಯಿತು. ಪಾವಗಡದ ಮೂಟೆಗಳಿಗೆ 'ಪರೀಕ್ಷಿತ ಬೀಜ' ಎಂದು ಅಚ್ಚು ಹಾಕಿದ ಚೀಟಿ ಹೊಲಿದು ಶಿರಾ ಉಗ್ರಾಣಕ್ಕೆ ಸಾಗಿಸಿದರು. ಅಲ್ಲಿಂದ ಗೌಡಗೆರೆ ಹೋಬಳಿಗೆ ಹೋಗಬೇಕಿತ್ತು.

ಶಿರಾ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಒಬ್ಬ ಮುಸಲ್ಮಾನ ಹಿರಿಯರು, ನಮಗೆಲ್ಲ ಸಾಹೇಬರು; ಬಿಳಿ ಗಡ್ಡ, ಮೆತ್ತನೆ ಮಾತು. ಅವರಿಗೆ ಟ್ರಂಕ್ ಕಾಲ್ ಹಾಕಿಸಿದೆ.

"ಮಾಲ್ ಖರಾಬ್ ಐತೆ ಬೇಟಿ, ವಾಸನೆ ನೋಡಿದ್ರೆ ಗೊತ್ತಾಗ್ತೈತೆ" ಎಂದರು. "ಆದ್ರೆ ಆರ್ಡರ್ ಬಂದೈತೆ. ನಿನ್ನೆ ಒಂದು ಲಾರಿ ಗೌಡಗೆರೆಗೆ ಹೋಗ್ಬುಡ್ತು. ಬಾಕಿ ಮಾಲು ಸೋಮವಾರ ಹೋಗ್ಬೇಕು. ನಾನು ನಿಲ್ಲಿಸಿದ್ರೆ ನನ್ನ ನೌಕರಿ ಹೋಗ್ತೈತೆ. ನೀನು ಆರ್ಡರ್ ಕಳ್ಸು, ನಿಲ್ಲಿಸ್ತೀನಿ."

ಒಂದು ಗಂಟು ಬೀಜವನ್ನು ಕಂಡಕ್ಟರ್ ಕೈಲಿ ಕಳಿಸಿಕೊಡಿ ಎಂದೆ. ಅದು ಬಂದ ಕೂಡಲೇ ಸುಲಿದು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ನಮ್ಮ ಮನೆಯ ನೀರೊಲೆಯ ಪಕ್ಕ ಬೆಚ್ಚಗಿಟ್ಟೆ. ಹೊತ್ತು ಹೊತ್ತಿಗೆ ನೀರು ಚಿಮುಕಿಸಿದೆ. ಮೊಳಕೆ ನೋಡುವುದಕ್ಕೆ ಇದಕ್ಕಿಂತ ದೊಡ್ಡ ಯಂತ್ರ ಬೇಕಿಲ್ಲ. ಶನಿವಾರ ಬೆಳಿಗ್ಗೆ ತಾಟು ಬಿಚ್ಚಿದರೆ ಅಮ್ಮ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲೊಂದು ಇಲ್ಲೊಂದು ಬಿಳಿ ಮೊಳಕೆ. ಉಳಿದದ್ದೆಲ್ಲ ಲೋಳೆ.

ಅದನ್ನು ಹಾಗೆಯೇ ಸುತ್ತಿಕೊಂಡು ಕೆಲಸಕ್ಕೆ ಹೋದೆ. ಸಲಹೆಗಾರರಿಗೆ ತೋರಿಸಿದೆ. ಅವರು ಕರವಸ್ತ್ರ ಮೂಗಿಗಿಟ್ಟುಕೊಂಡರು.

"ಇದಕ್ಕೆ ಚೀಟಿ ಇದೆಯಾ?"

"ಇಲ್ಲ ಸಾರ್. ಬೀಜ ಇದೆ."

"ಚೀಟಿ ಇಲ್ಲದ್ದನ್ನು ಕಾರ್ಡಿಗೆ ಹಾಕುವಂತಿಲ್ಲ. ನಿಯಮ ಮುರಿದರೆ ಸಿಸ್ಟಮ್ ಉಳಿಯೋದಿಲ್ಲ ಮಿಸ್." ಇಷ್ಟು ಹೇಳಿ ಯಜಮಾನರ ಮನೆಗೆ ಊಟಕ್ಕೆ ಹೊರಟರು. ಅವತ್ತು ಹೋಳಿಗೆ ಎಂದು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರು.

ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ಮೇಲೆ ಫ್ಯಾನು ತಿರುಗುತ್ತಿತ್ತು. ಕತ್ತರಿಸಿದ ತೂತನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಅದಕ್ಕೇ ಮೊದಲ ದಿನವೇ ನನಗೆ ಎಚ್ಚರಿಕೆ ಕೊಟ್ಟಿದ್ದರು. ಕೆಲಸ ಹೋಗಬಹುದು. ನಮ್ಮ ಮನೆಯಲ್ಲಿ ಸಂಬಳ ತರುತ್ತಿದ್ದವಳು ನಾನೊಬ್ಬಳೇ. ಆದರೆ ಸೋಮವಾರ ಇನ್ನೊಂದು ಲಾರಿ ಹೋದರೆ ಇಡೀ ಹೋಬಳಿಯ ಹೊಲಗಳು ಬರಿ ಮಣ್ಣಾಗಿ ನಿಲ್ಲುತ್ತವೆ. ಸುರಿದ ಮಳೆ ಮತ್ತೆ ಬರುವುದಿಲ್ಲ.

ಇಕ್ಕಳ ತೆಗೆದುಕೊಂಡೆ. ಪಾವಗಡದ ಕಾರ್ಡುಗಳನ್ನು ಬೇರೆ ಮಾಡಿ ಒಂದೊಂದರಲ್ಲೂ 'ಹಸಿ' ತೂತನ್ನು ಕತ್ತರಿಸಿದೆ. ಬೆರಳಿಗೆ ಬೊಬ್ಬೆ ಬಂದರೂ ನಿಲ್ಲಿಸಲಿಲ್ಲ. ಶಿರಾದ ಸಾಹೇಬರಿಗೆ ಆರ್ಡರ್ ಟೈಪ್ ಮಾಡಿದೆ: 'ಪಾವಗಡದ ಮಾಲು ಹಸಿ, ರವಾನೆ ನಿಲ್ಲಿಸಿ.' ಅದನ್ನು ಮಧ್ಯಾಹ್ನದ ಶಿರಾ ಬಸ್ಸಿಗೆ ಕೊಟ್ಟು ಬಂದು, ಕುರ್ಚಿಯಲ್ಲಿ ಕೂತು ಕಾದೆ.

ಹೋಳಿಗೆ ಉಂಡು ಬಂದ ಸಲಹೆಗಾರರು ಮೇಜಿನ ಮೇಲೆ ಬಿದ್ದಿದ್ದ ಕಾಗದದ ಚೂರುಗಳನ್ನು ನೋಡಿ ಸೂಜಿ ಹಾಕಿ ಎತ್ತಿದರು. ಪಾವಗಡ ಪೂರ್ತಿ ಉದುರಿತು. ಯಜಮಾನರನ್ನು ಕೂಗಿದರು. ಯಜಮಾನರು ಓಡಿಬಂದರು.

"ಯಾರು ಮಾಡಿದ್ದು?"

"ನಾನು. ಆರ್ಡರೂ ಕಳಿಸಿದ್ದೀನಿ."

"ಯಾರನ್ನ ಕೇಳಿ ಮಾಡಿದೆ?"

"ನಿಮಗೆ ಕಾಯಿ ತಂದು ಕೊಟ್ಟಿದ್ದೆ. ನೀವು ಅಲ್ಲಾಡಿಸಿ ನೋಡಿದ್ರಿ."

ಅವರ ಮುಖ ಕಪ್ಪಿಟ್ಟಿತು. ಆದರೆ ನಿಲ್ಲಿಸುವುದೊಂದೇ ಸಾಕಾಗುತ್ತಿರಲಿಲ್ಲ. ಆಗಲೇ ಹೋದ ಲಾರಿಯ ಬೀಜ ಪಡೆದ ರೈತರಿಗೂ, ಇನ್ನೂ ಕಾಯುತ್ತಿರುವವರಿಗೂ ಬೇರೆ ಬೀಜ ಕೊಡಬೇಕಿತ್ತು. "ಗಾಣಕ್ಕೆ ಅಂತ ಇಟ್ಟಿರೋ ಕೊರಟಗೆರೆ ಮಾಲನ್ನ ಬಿತ್ತನೆಗೆ ಬಿಡಿ" ಎಂದೆ. ಆಗುವುದಿಲ್ಲ ಎಂದರು. ಹೊರಟುಹೋಗು ಎಂದರು. ನಾನು ಗೋಣಿತಾಟನ್ನು ಮೇಜಿನ ಮೇಲೆ, ಸೂಜಿಯ ಪಕ್ಕದಲ್ಲೇ, ಬಿಚ್ಚಿ ಹರಡಿದೆ. ಕೋಣೆಯೆಲ್ಲ ನಾತ.

"ನಾಳಿದ್ದು ತುಮಕೂರಿನಿಂದ ದೊಡ್ಡವರು ಬರ್ತಾರೆ ಅಂದಿದ್ರಿ. ನನ್ನನ್ನ ಒಳಗೆ ಬಿಟ್ಟರೆ ಸೂಜಿ ಜೊತೆಗೆ ಇದನ್ನೂ ತೋರಿಸ್ತೀನಿ. ಬಿಡದೆ ಹೋದರೆ ಬಾಗಿಲಲ್ಲಿ ನಿಂತು ತೋರಿಸ್ತೀನಿ."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೈತರ ಬಿತ್ತನೆಯ ಮಾತು ಎತ್ತಿದಾಗ ಕರಗದ ಮನಸ್ಸು, ಬರುವ ಅತಿಥಿಗಳ ಮೂಗಿನ ಮಾತು ಎತ್ತಿದ ಕೂಡಲೇ ಕರಗಿತು. "ಆಯ್ತು, ತಗೊಂಡು ಹೋಗು. ಮೊದಲು ಅದನ್ನ ಆಚೆ ಎಸಿ" ಎಂದರು ಯಜಮಾನರು.

ಮರುದಿನ ಕೊರಟಗೆರೆಯಿಂದ ಬೀಜ ಹೊತ್ತ ಲಾರಿಯಲ್ಲಿ ನಾನೂ ಕೂತೆ. ಶಿರಾದಲ್ಲಿ ಸಾಹೇಬರು ಹತ್ತಿಕೊಂಡರು. ಗೌಡಗೆರೆ ತಲುಪುವ ಹೊತ್ತಿಗೆ ಮಳೆ ಬಿದ್ದ ಮಣ್ಣಿನಲ್ಲಿ ಕೂರಿಗೆಗಳು ಓಡಾಡುತ್ತಿದ್ದವು. ಎಷ್ಟೋ ಮನೆಗಳಲ್ಲಿ ಮೂಟೆ ಇನ್ನೂ ಬಿಚ್ಚಿರಲಿಲ್ಲ, ಬದಲಾಯಿಸಿಕೊಟ್ಟೆವು. ಊರಾಚೆ ಒಬ್ಬ ಹೆಂಗಸು, ನಲವತ್ತರ ಆಸುಪಾಸಿನವಳು, ಅರ್ಧ ಹೊಲ ಬಿತ್ತಿ ಮುಗಿಸಿದ್ದಳು. ಗಂಡ ತೀರಿಕೊಂಡ ಮೇಲೆ ಬೇಸಾಯವನ್ನು ಅವಳೇ ನಡೆಸುತ್ತಿದ್ದಳು. ವಿಷಯ ಹೇಳಿದೆ. ಅವಳು ಕೂರಿಗೆ ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಸುಲಿಯೋವಾಗ್ಲೇ ಬೀಜ ಮಂಕಾಗೈತಲ್ಲ ಅಂದ್ಕಂಡೆ ಕಣಮ್ಮ. ಚೀಟಿ ಹೊಲ್ದವ್ರೆ, ಪರೀಕ್ಸೆ ಮಾಡವ್ರೆ ಅಂದ್ರು ನಮ್ಮೂರೋರು. ನಂಬ್ಬುಟ್ಟೆ. ಯಾರ್ ಮಾಡಿದ್ದು ಪರೀಕ್ಸೆ?"

"ಯಾರೂ ಮಾಡಿಲ್ಲ" ಎಂದೆ.

"ಮತ್ತೆ ಚೀಟಿ ಹೆಂಗ್ ಹಾಕುದ್ರಿ?"

ಸಾಹೇಬರು, "ಬಿಡು ತಾಯಿ, ಈ ಹುಡುಗಿ ನೌಕರಿ ಪಣಕ್ಕಿಟ್ಟು ಬಂದವ್ಳೆ" ಎಂದರು. ಅವಳು ನಾವು ತಂದ ಮೂಟೆಯ ಬಾಯಿ ಬಿಚ್ಚಿ, ಒಂದು ಕಾಯಿ ಒಡೆದು, ಬೀಜ ಕಚ್ಚಿ, ಉಗಿದು, ಇನ್ನೊಂದು ಮೂಲೆಯಿಂದ ಮತ್ತೊಂದು ತೆಗೆದು ಕಚ್ಚಿದಳು. ಆಮೇಲೆ ಎತ್ತುಗಳನ್ನು ಬಿಚ್ಚಿ ನೆರಳಿಗೆ ಕಟ್ಟಿ, ಸುಲಿಯಲು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಸಾಹೇಬರೂ ಕೂತರು. ಬೊಬ್ಬೆ ಬಂದ ಬೆರಳಿಗೆ ಸಿಪ್ಪೆ ಚುಚ್ಚುತ್ತಿತ್ತು. ಬಿತ್ತಿ ಮುಗಿದ ಅರ್ಧದಲ್ಲಿ ಮೊಳೆಯದ ಕಡೆ ಆಮೇಲೆ ಕೈಯಿಂದ ಊರಲು ಒಂದಿಷ್ಟು ಬೀಜ ಹೆಚ್ಚಿಗೆ ಇಟ್ಟು ಬಂದೆವು.

ತುಮಕೂರಿನ ದೊಡ್ಡವರು ಬಂದರು. ಆಟ ತೋರಿಸಲು ನಾನು ಕೋಣೆಗೆ ಹೋಗಲಿಲ್ಲ. ಸಲಹೆಗಾರರೇ ಸೂಜಿ ಹಿಡಿದರು. ಪಾವಗಡದ ಕಾರ್ಡುಗಳು ಉದುರಿದಾಗ, "ನೋಡಿ, ಕೆಟ್ಟ ಬೀಜವನ್ನು ನಮ್ಮ ಸಿಸ್ಟಮ್ ಹೇಗೆ ಹಿಡಿದುಹಾಕಿತು" ಎಂದು ವಿವರಿಸಿದರಂತೆ. ಚಪ್ಪಾಳೆಯೂ ಬಿತ್ತಂತೆ. ಕಾಫಿ ಹಂಚಿದ ಆಳು ಬಂದು ಹೇಳಿದಾಗ ನನಗೆ ಸಿಟ್ಟೂ ಬರಲಿಲ್ಲ. ಅಷ್ಟೊಂದು ನಾಚಿಕೆಗೆಟ್ಟ ಮನುಷ್ಯನ ಮೇಲೆ ಸಿಟ್ಟು ಮಾಡುವುದೂ ದಂಡ. ಅವರು ಹೊಗಳಿಕೆಯ ಪತ್ರ ಬರೆಸಿಕೊಂಡು ಬೇರೆ ಊರಿನ ಬೇರೆ ಮಿಲ್ಲಿಗೆ ಹೋದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಹೊರಗೆ ಹೋಗಿ ಮಾತಾಡುತ್ತಾಳೆ ಎಂಬ ಭಯ. ಫ್ಯಾನಿಲ್ಲದ ಕೋಣೆಯಲ್ಲಿ ಟೈಪಿಂಗ್ ಮೇಜಿಗೆ ಹಾಕಿದರು. ಕಾರ್ಡು ಕೋಣೆಯನ್ನು ಬಂದವರಿಗೆ ತೋರಿಸುವುದಕ್ಕಷ್ಟೇ ತೆಗೆಯುತ್ತಿದ್ದರು. ಉಗ್ರಾಣದವರು ಯಾರನ್ನೂ ಕೇಳದೆ ಮೂಟೆ ಬಿಚ್ಚಿ ಒಣಗಿಸಲು ಶುರುಮಾಡಿದರು. ಯಜಮಾನರು ನೋಡಿಯೂ ನೋಡದಂತಿದ್ದರು.

ಕಳೆ ಕೀಳುವ ಹೊತ್ತಿಗೆ ಮತ್ತೊಮ್ಮೆ ಗೌಡಗೆರೆಗೆ ಹೋಗಿದ್ದೆ, ರಜೆ ಹಾಕಿ, ಯಾರೂ ಕಳಿಸದೆ. ಆ ಹೆಂಗಸಿನ ಹೊಲದ ಒಂದು ಅರ್ಧ ಮಟ್ಟಸವಾಗಿ ಹಸಿರಾಗಿತ್ತು. ಇನ್ನೊಂದು ಅರ್ಧದಲ್ಲಿ ಅಲ್ಲೊಂದು ಇಲ್ಲೊಂದು ದೊಡ್ಡ ಗಿಡ, ನಡುವೆ ತಡವಾಗಿ ಊರಿದ ಗಿಡ್ಡ ಗಿಡಗಳು, ನಡುನಡುವೆ ಬರಿ ಮಣ್ಣು. ಅವಳು ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುತ್ತಿದ್ದಳು. ನಾನು ಬದುವಿನ ಮೇಲೆ ನಿಂತು, "ಈ ಕಡೆ ಪರವಾಗಿಲ್ಲ ಅಲ್ವಾ ಅಕ್ಕ?" ಎಂದೆ.

ಅವಳು ತಲೆ ಎತ್ತಲಿಲ್ಲ.

"ಈ ಕಡೆ ಬೆಳಿತೈತೆ, ಆ ಕಡೆ ಬೆಳಿಯಾಕಿಲ್ಲ. ಕಳೆ ಎರಡೂ ಕಡೆ ಒಂದೇ ಸಮ ಬಂದೈತೆ ಕಣಮ್ಮ. ನಿಂತ್ಕಂಡು ಏನ್ ನೋಡ್ತೀಯ, ಇಳಿ."

ಚಪ್ಪಲಿ ಬಿಟ್ಟು ಇಳಿದೆ.